ಚಕ್ರಕ್ಕೊಂದು ಬೀಗ
ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕಾದ್ದರಿಂದ ಎರಡಕ್ಕೂ ಬೇರೆ ಬೇರೆ ವೇಗ ಒದಗಿಸುವ ಹಲ್ಲುಚಕ್ರಗಳ ಜೋಡಣೆಗೆ ಡಿಫರೆನ್ಷಿಯಲ್ ಎಂದು ಹೆಸರು. ಒಂದು ಚಕ್ರ ಕೆಸರಿನಲ್ಲಿ ಜಾರಿದೊಡನೆ, ದುಡಿಯುವ ಮಗನನ್ನು ಬಿಟ್ಟು ಉಂಡಾಡಿಗೇ ಮಣೆ ಹಾಕುವ ತಾಯಿಯಂತೆ, ತಿರುಗಾಟವನ್ನೆಲ್ಲ ಅದಕ್ಕೇ ಧಾರೆಯೆರೆಯುವುದು ಇದರ ದೌರ್ಬಲ್ಯ. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುವ ಬೀಗವೇ ಲಾಕರ್. ದುರ್ಗಮ ದಾರಿಗೆಂದೇ ಇರುವ ಫೋರ್ಸ್ ಗೂರ್ಖಾ ವಾಹನದಲ್ಲಿ ಇದು ಹಿಂದೆಯೂ ಮುಂದೆಯೂ ಇದೆ. ಅದೇ ಬಗೆಯ ಜಿಮ್ನಿಯಲ್ಲಿ ಬೀಗದ ಬದಲು ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಬುದ್ಧಿ ಕಲಿಸುವ ಏರ್ಪಾಟಿದೆ. ಕೊರಕಲಿನಲ್ಲಿ ಒಂದು ಚಕ್ರ ಅಂತರಿಕ್ಷಕ್ಕೆದ್ದಾಗ ಬೀಗದ ಬೆಲೆ ತಿಳಿಯುವುದು ನಿಜವಾದರೂ, ಇಂಥ ವಾಹನಗಳ ಬಹುಪಾಲು ಒಡೆಯರ ದುರ್ಗಮ ಯಾತ್ರೆ ಬೆಂಗಳೂರಿನ ರಸ್ತೆಗುಂಡಿಗಳಲ್ಲೇ ಮುಗಿಯುವಂತೆ ತೋರುತ್ತದೆ. ಕೊಡಚಾದ್ರಿ ಬೆಟ್ಟದ ಕಲ್ಲುದಾರಿಯಲ್ಲಾದರೋ, ಅಂಥ ಬೀಗವನ್ನೇ ಕಾಣದ ಹಳೆಯ ಜೀಪುಗಳು, ಹಿಂದೆ ಕುಳಿತವರ ಮೂಳೆಗಳನ್ನು ಎಣಿಸುತ್ತ, ಚಾಲಕ ತಲೆ ಹೊರಹಾಕಿ ಚಕ್ರವನ್ನು ನೋಡುತ್ತಿರುವಂತೆಯೇ, ಮೇಲೇರಿಬಿಡುತ್ತವೆ.