ಪಡಸಾಲೆ ದಾಟದ ಸಿಗ್ನಲ್

ಹರಪನಹಳ್ಳಿಯಲ್ಲಿ ವೈಫೈ ಹಾಕಿಸಬೇಕೆಂದರೆ ನೀವು ಯಾವ ಜಿಲ್ಲೆಯವರು ಎಂಬುದು ಮೊದಲು ಇತ್ಯರ್ಥವಾಗಬೇಕು. ನಮ್ಮ ಮನೆ ಕಟ್ಟಿದಲ್ಲೇ ಇದೆ; ಜಿಲ್ಲೆಗಳು ಮಾತ್ರ ಬಂದು ಹೋಗುತ್ತಿವೆ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅವ್ವನ ಆಧಾರ್ ಕಾರ್ಡಿನಲ್ಲಿ ದಾವಣಗೆರೆ, ನನ್ನದರಲ್ಲಿ ಬಳ್ಳಾರಿ. ಅರ್ಜಿ ತುಂಬಲು ಬಂದ ಹುಡುಗ ಎರಡನ್ನೂ ತಿರುಗಿಸಿ ನೋಡಿ, "ಅಣ್ಣಾರ, ಪಿನ್‌ಕೋಡ್ ಹೇಳಿಬಿಡ್ರಿ, ಅದೊಂದು ನೆಟ್ಟಗೈತಿ" ಎಂದ.

ನಮ್ಮದು ಹಳೇ ಮಾಳಿಗೆ ಮನೆ. ಮೊಳಕ್ಕೂ ಮೀರಿದ ಕಲ್ಲುಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲಿಗೇ ಹೋಗಿ, ಹಳೇ ಓಣಿಗಳಲ್ಲಿ ಇಂಥವು ಸಿಗುತ್ತವೆ. ಏಪ್ರಿಲ್ಲಿನ 40 ಡಿಗ್ರಿ ಬಿಸಿಲನ್ನೇ ಹೊರಗೆ ನಿಲ್ಲಿಸುವ ಗೋಡೆ ವೈಫೈಗೆ ದಾರಿ ಬಿಟ್ಟೀತೇ? ರೂಟರ್ ಎರಡು ಬಗೆಯ ಅಲೆ ಬಿಡುತ್ತದೆ. 5 ಗಿಗಾಹರ್ಟ್ಸಿನದು ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ: ದರ್ಬಾರೆಲ್ಲ ಪಡಸಾಲೆಯಲ್ಲೇ, ಒಳಮನೆಗೆ ಕಾಲಿಡುವುದಿಲ್ಲ. 2.4ರದ್ದಕ್ಕೆ ಅಷ್ಟು ವೇಗವಿಲ್ಲ, ಆದರೂ ಹೇಗೋ ಗೋಡೆಯೊಳಗೆ ನುಸುಳಿ ಅಡುಗೆಮನೆ ಮುಟ್ಟುತ್ತದೆ.

ಅಲ್ಲಿ ಅವ್ವನ ಸ್ಟೀಲ್ ಪಾತ್ರೆಗಳ ಸಾಲು. ಲೋಹ ಬಂದ ಅಲೆಯನ್ನು ಬಂದ ಕಡೆಗೇ ಅಟ್ಟುತ್ತದೆ. ಅದರ ಪಕ್ಕ ನೀರಿನ ಡ್ರಮ್ಮು. ನೀರು ಅಲೆಯನ್ನು ನುಂಗುತ್ತದೆ. ನಲ್ಲಿ ಬಂದ ದಿನ ಡ್ರಮ್ಮು, ಕೊಡ, ಹಂಡೆ, ಕೊನೆಗೆ ಚೆಂಬಿನವರೆಗೆ ತುಂಬಿಡುತ್ತೇವೆ. ಅಂದು ಅಡುಗೆಮನೆಯಲ್ಲಿ ಧಾರಾವಾಹಿಯ ಸೊಸೆ ಬಾಯಿ ತೆರೆದು ಹಾಗೇ ನಿಂತುಬಿಡುತ್ತಾಳೆ. ನೀರು ಖರ್ಚಾದಂತೆಲ್ಲ ಅವಳಿಗೆ ಮಾತು ಬರುತ್ತದೆ. ನೀರಿದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ನೀರಿಲ್ಲ.

ಅಪ್ಪನ ಕಾಲದಲ್ಲಿ ರೇಡಿಯೊ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ವೈಫೈಗೆ ಆ ರಗಳೆಯಿಲ್ಲ, 2.4 ಗಿಗಾಹರ್ಟ್ಸಿನ ಅಲೆಯನ್ನು ಸರ್ಕಾರ 2005ರಲ್ಲೇ ಲೈಸೆನ್ಸಿನಿಂದ ಬಿಡುಗಡೆ ಮಾಡಿದೆ. ಬೇಕಾದದ್ದು ಅವ್ವನ ಅಪ್ಪಣೆ. ರೂಟರ್ ಮನೆಯ ನಡುಮಧ್ಯೆ, ಎತ್ತರದಲ್ಲಿರಬೇಕೆಂದ ಹುಡುಗ ಸೀದಾ ನಡುಕಂಬಕ್ಕೆ ಮೊಳೆ ಹಿಡಿದ. "ಪೂಜಿ ಮಾಡೋ ಕಂಬಕ್ಕ ಮೊಳಿ ಹೊಡೀತೀಯೇನೋ ತಮ್ಮಾ?" ಎಂದು ಒಳಗಿನಿಂದ ಗುಡುಗು. ಕಡೆಗೆ ಅಜ್ಜ ರುಮಾಲು ಸಿಕ್ಕಿಸುತ್ತಿದ್ದ ಗೂಟವೇ ಕೈಹಿಡಿಯಿತು. ಈಗ ಅಲ್ಲಿಂದ ಫೈಬರ್ ತಂತಿ, ಕರೆಂಟಿನ ತಂತಿ, ಕರೆಂಟು ಹೋದರೆ ಇರಲೆಂದು ತಂದ ಪುಟ್ಟ ಯುಪಿಎಸ್‌ನ ತಂತಿ ಇಳಿಬಿದ್ದಿವೆ. ನಿಸ್ತಂತು ಜಾಲಕ್ಕೆ ಇಷ್ಟೊಂದು ತಂತಿ ಯಾಕೆಂದು ಅವ್ವ ಕೇಳಿದ್ದಕ್ಕೆ ಹುಡುಗ ಉತ್ತರಿಸದೆ ಆಂಟೆನಾ ನೆಟ್ಟಗೆ ಮಾಡಿದ. ಅದು ನೆಟ್ಟಗಿದ್ದರೆ ಅಲೆ ಅಡ್ಡಡ್ಡ ಹರಡುತ್ತದಂತೆ. ನಿಜವೇ, ಅಜ್ಜನ ರುಮಾಲೂ ಅಲ್ಲಿ ವಾಲಿದ್ದು ನಾನು ಕಂಡಿಲ್ಲ.

ಆಮೇಲೆ ಪಾಸ್‌ವರ್ಡ್. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರಿ "ಸದ್ದಲೇ" ಎಂದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಮಾತಿನ ಕಾರಣಿಕ. ಸಂಜೆಯೊಳಗೆ ಇಡೀ ಸೀಮೆಗೆ ಗೊತ್ತು. ಪಾಸ್‌ವರ್ಡ್ ಕೇಳಿದವರಿಲ್ಲ, ರೀಚಾರ್ಜ್ ಮಾಡಿಸಿದವರಿಲ್ಲ. ಅರ್ಥಕ್ಕೆ ಮಾತ್ರ ವರ್ಷವಿಡೀ ಜಗಳ. ಅಂಥ ನೆಲದಲ್ಲಿ ಎಂಟಕ್ಷರ ಮುಚ್ಚಿಟ್ಟುಕೊಳ್ಳುವುದು ಅವ್ವನಿಗೆ ಕೇಡುಗಾಲದ ಲಕ್ಷಣವಾಗಿ ಕಂಡಿತು. "ಮಜ್ಜಿಗಿ ಕೇಳಿದ್ರ ಕೊಡ್ತೀವಿ, ಇದನ್ಯಾಕ ಕೊಡಬಾರ್ದು?" ಎಂದು ಎದುರುಮನೆಯವರಿಗೆ ಚೀಟಿ ಬರೆಸಿ ಕೊಟ್ಟಳು. ಅಂದಿನಿಂದ ನಮ್ಮ ಕಟ್ಟೆ ಸಂಜೆ ಖಾಲಿ ಇದ್ದದ್ದಿಲ್ಲ. ಸಿಗ್ನಲ್ಲೂ ಅಲ್ಲೇ ಚೆನ್ನಾಗಿದೆ.

ನಮ್ಮೂರ ಕಡೆ ಬಂದರೆ ಮನೆಗೆ ಬನ್ನಿ, ಮಂಡಕ್ಕಿ ಮಿರ್ಚಿ ತಿನ್ನೋಣ. ಪಾಸ್‌ವರ್ಡ್ ನನ್ನನ್ನು ಕೇಳಬೇಕಾಗಿಲ್ಲ. ಕಟ್ಟೆಯ ಮೇಲಿನ ಯಾವ ಹುಡುಗನಾದರೂ ಹೇಳುತ್ತಾನೆ.