ಗುಂಡನಿಗೊಬ್ಬ ಡಾಕ್ಟರು

ನಮ್ಮ ನಾಯಿಯ ಹೆಸರು ಗುಂಡ. ಹೊಸಬರು ಮನೆಗೆ ಬಂದರೆ ಮೊದಲು ಗುಂಡನನ್ನು ನೋಡುತ್ತಾರೆ, ಆಮೇಲೆ ನಮ್ಮನ್ನು, ಕೊನೆಗೆ ಸ್ವಲ್ಪ ಅನುಮಾನದಿಂದ ನಮ್ಮ ಅಡುಗೆಮನೆಯ ಕಡೆಗೆ. ತಪ್ಪು ಅವರದಲ್ಲ. ಗುಂಡ ಮುಧೋಳದ ಬೇಟೆ ನಾಯಿ. ಕಾಲುಗಳು ಬಿದಿರುಗಳು, ಹೊಟ್ಟೆ ಬೆನ್ನಿಗಂಟಿದೆ, ಪಕ್ಕೆಲುಬುಗಳನ್ನು ಎದುರುಮನೆಯವರು ಜಗಲಿಯಲ್ಲಿ ಕೂತೇ ಎಣಿಸಬಹುದು. ಹೆಸರಿನ ಬಲದಿಂದಾದರೂ ನಾಲ್ಕು ಕೆ.ಜಿ. ಏರಲಿ ಎಂದು ನಮ್ಮಮ್ಮ ಇಟ್ಟ ಹೆಸರು ಅದು.

ಬ್ಯಾಂಕಿನಲ್ಲಿ ನನ್ನ ಜೊತೆಗಿದ್ದ ಬಾಗಲಕೋಟೆ ಕಡೆಯ ಗೆಳೆಯರೊಬ್ಬರು ಮರಿಯನ್ನು ಮೈಸೂರಿನವರೆಗೆ ರೈಲಿನಲ್ಲಿ ತಂದು ಕೈಗಿಟ್ಟಿದ್ದರು. "ತಗೋರಿ ಸರ, ನಮ್ಮ ಕಡಿ ನಾಯಿ. ಏನೂ ತ್ರಾಸ ಕೊಡಂಗಿಲ್ಲ." ಅವರ ಮಾತು ಸುಳ್ಳಾಗಲಿಲ್ಲ. ತ್ರಾಸ ಕೊಟ್ಟದ್ದು ನಾಯಿಯಲ್ಲ, ಡಾಕ್ಟರ ಕ್ಲಿನಿಕ್ಕಿನ ತ್ರಾಸು.

ಮೊದಲನೇ ಡಾಕ್ಟರು ಬಹಳ ಒಳ್ಳೆಯವರು. ಕ್ಲಿನಿಕ್ಕಿನ ತುಂಬ ತಂಪು, ಗೋಡೆಯ ತುಂಬ ನಗುವ ಲ್ಯಾಬ್ರಡಾರ್‌ಗಳ ಪಟ. ಗುಂಡ ತೂಕದ ಹಲಗೆಯ ಮೇಲೆ ನಾಲ್ಕೂ ಪಾದ ಒತ್ತೊತ್ತಾಗಿ ಇಟ್ಟು, ಬಾಲವನ್ನು ಕಾಲ ಸಂದಿಗೆ ಸೇರಿಸಿ, ಪರೀಕ್ಷೆಗೆ ಬಂದ ಹುಡುಗನ ಹಾಗೆ ನಿಂತ. 23 ಕೆ.ಜಿ. ಡಾಕ್ಟರು ಅವನ ಎತ್ತರ ನೋಡಿದರು, ಗೋಡೆಯ ಲ್ಯಾಬ್ರಡಾರ್ ನೋಡಿದರು. "ಅಂಡರ್‌ವೇಟ್" ಎಂದು ಬರೆದು ಅಡಿಗೆರೆ ಎಳೆದರು. ಜಂತುಹುಳದ ಮಾತ್ರೆ, ಲಿವರ್ ಟಾನಿಕ್, ದಿನಕ್ಕೆ ಎರಡು ಮೊಟ್ಟೆ. ಎರಡು ತಿಂಗಳು ತಪ್ಪದೆ ಕೊಟ್ಟೆವು. ಫಲವಾಗಿ ಗುಂಡನ ಓಟ ಹೆಚ್ಚಿತು. ತೂಕ 23ರಲ್ಲೇ ನಿಂತಿತು. ಅವನು ಬಿಟ್ಟ ಮೊಟ್ಟೆಯನ್ನು ವ್ಯರ್ಥ ಮಾಡಬಾರದೆಂದು ತಿಂದ ನಾನು ಮಾತ್ರ ಮೂರು ಕೆ.ಜಿ. ಏರಿದೆ.

ಎರಡನೆಯವರು ಯಂತ್ರಗಳನ್ನು ನಂಬುವವರು. ರಕ್ತ ಪರೀಕ್ಷೆ ಮಾಡಿಸಿದರು. ಅದರಲ್ಲಿ ಪಿಸಿವಿ ಎಂಬುದೊಂದು ಲೆಕ್ಕ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು. ಗುಂಡನದು 58. ಪಕ್ಕದಲ್ಲಿ ದಪ್ಪಕ್ಷರದ 'ಎಚ್'. "ಮೈಯಲ್ಲಿ ನೀರೇ ಇಲ್ಲ ಸಾರ್, ಡ್ರಿಪ್ ಹಾಕೋಣ" ಎಂದರು. ಬರುವ ಮೊದಲು ಅವನು ಅರ್ಧ ಬಕೆಟ್ ನೀರು ಕುಡಿದದ್ದನ್ನೂ, ದಾರಿಯಲ್ಲಿ ಏಳು ಲೈಟುಕಂಬಗಳಿಗೆ ಅದರ ಲೆಕ್ಕ ಒಪ್ಪಿಸಿದ್ದನ್ನೂ ಹೇಳಿದೆ. ಕಂಬದ ಸಾಕ್ಷಿ ರಿಪೋರ್ಟಿನ ಮುಂದೆ ನಡೆಯಲಿಲ್ಲ.

ಮುಧೋಳವನ್ನು ಬಲ್ಲ ಡಾಕ್ಟರನ್ನೇ ಹುಡುಕಬೇಕು ಎಂಬ ಹಟ ಹತ್ತಿದ್ದು ಆಗಲೇ. ಮನೆಯವಳು ನಕ್ಕಳು. "ಮನುಷ್ಯರಿಗೆ ಜಾತಿ ನೋಡ್ಬಾರ್ದು ಅಂತೀರ, ನಾಯಿಗೆ ಜಾತಿ ನೋಡಿ ಡಾಕ್ಟ್ರಾ?" ಇದಕ್ಕೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕ್ಲಿನಿಕ್ಕುಗಳ ಬೆಂಚಿನ ಮೇಲೆ ಕಾದೂ ಕಾದೂ ಆಮೇಲೆ ಹೊಳೆಯಿತು. ನಮ್ಮ ಮನೆತನಕ್ಕೆ ಸಕ್ಕರೆ, ಅವಳ ಮನೆತನಕ್ಕೆ ಬಿ.ಪಿ. ಇರುವಂತೆ ನಾಯಿಗಳಿಗೂ ಮನೆತನದ ಆಸ್ತಿಗಳಿವೆ. ಪಗ್‌ಗೆ ಚಪ್ಪಟೆ ಮೂಗಿನ ಉಸಿರಾಟದ್ದೇ ಚಿಂತೆ; ಆಪರೇಷನ್ ಮುಗಿದ ಮೇಲೂ ಅದರ ಮೇಲೆ ಕಣ್ಣಿಟ್ಟಿರಬೇಕು. ಉದ್ದ ಬೆನ್ನಿನ ಡ್ಯಾಷ್‌ಹಂಡ್‌ಗೆ ಬೆನ್ನುಮೂಳೆಯ ಡಿಸ್ಕು. ಚುಕ್ಕೆಯ ಡಾಲ್ಮೇಷಿಯನ್‌ಗೆ ಮೂತ್ರದ ಕಲ್ಲು. ಕೋಲಿ ಜಾತಿಯ ಎಷ್ಟೋ ನಾಯಿಗಳಿಗೆ ಐವರ್‌ಮೆಕ್ಟಿನ್ ಪ್ರಮಾಣ ಮೀರಿದರೆ ಜೀವಕ್ಕೇ ಕುತ್ತು. ಲ್ಯಾಬ್ರಡಾರ್‌ನ ಕಾಯಿಲೆಯೆಂದರೆ ಯಾರು ಏನು ಕೊಟ್ಟರೂ ಬೇಡವೆನ್ನದ ಅದರ ಸೌಜನ್ಯ.

ಹುಡುಕುವುದೇನೋ ಸರಿ, ಕೇಳುವುದು ಹೇಗೆ? "ಎಷ್ಟು ಮುಧೋಳ ನಾಯಿ ನೋಡಿದ್ದೀರಿ?" ಎಂದು ಡಾಕ್ಟರನ್ನು ಕೇಳುವುದೆಂದರೆ ಹಸೆಮಣೆಯ ಮೇಲೆ ಕೂತು ಪುರೋಹಿತರನ್ನು "ಇದು ನಿಮಗೆ ಎಷ್ಟನೇ ಮದುವೆ?" ಎಂದಂತೆ. ಆದರೂ ಧೈರ್ಯ ಮಾಡಿ ಒಬ್ಬರಿಗೆ ಫೋನಿನಲ್ಲಿ, "ಸಾರ್, ತಮಗೆ ಮುಧೋಳದ ಪರಿಚಯ ಇದೆಯಾ?" ಅಂದೆ. "ಮುಧೋಳಕ್ಕೆ ಹೋಗಿಲ್ಲ, ಬಾದಾಮಿ ನೋಡಿದ್ದೀನಿ" ಎಂದರು. ಇನ್ನೊಬ್ಬರು ಹತ್ತು ನಿಮಿಷ ಮುಧೋಳದ ಘೋರ್ಪಡೆ ಅರಸರ ಕಥೆ ಹೇಳಿದರು. ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಉಳಿಸಿ ಬೆಳೆಸಿದ್ದು, ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು ಎಂಬ ಪ್ರತೀತಿ, 2005ರಲ್ಲಿ ಅಂಚೆ ಇಲಾಖೆ ರಾಂಪುರ, ರಾಜಪಾಳಯಂ, ಹಿಮಾಲಯದ ಕುರಿನಾಯಿಗಳ ಜೊತೆಗೆ ಇದರ ಸ್ಟ್ಯಾಂಪನ್ನೂ ತಂದದ್ದು, ಎಲ್ಲ ಬಾಯಿಪಾಠ. ಕೊನೆಯಲ್ಲಿ "ಕ್ಲಿನಿಕ್ ನಡೆಸ್ತಿಲ್ಲ ಸಾರ್, ಈಗ ಔಷಧಿ ಏಜೆನ್ಸಿ" ಎಂದರು.

ಮೂರನೆಯವರು ಸಿಕ್ಕಿದ್ದು ಹಾಲಿನವನ ಬಾಯಿಂದ. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, ಮಗಳ ಮನೆ ಇಲ್ಲೇ ಎಂದು ಮೈಸೂರಿಗೆ ಬಂದ ಜಮಖಂಡಿ ಕಡೆಯ ಹಿರಿಯರು. ಸಿಮೆಂಟು ಅಂಗಡಿಯ ಪಕ್ಕ ಒಂದು ಕೋಣೆ. ಬೋರ್ಡಿನಲ್ಲಿ ದೊಡ್ಡದಾಗಿ ಒಂದು ಎಮ್ಮೆ, ಅದರ ಕೆಳಗೆ ಕುರಿ, ಅದರ ಬಾಲದ ಹತ್ತಿರ ಉಳಿದ ಜಾಗದಲ್ಲಿ ನಾಯಿಯೋ ಬೆಕ್ಕೋ ಎಂದು ಹೇಳಲಾಗದ ಒಂದು ಪ್ರಾಣಿ. "ದನದ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ತೀರಾ?" ಎಂದು ಮನೆಯಲ್ಲಿ ಎಲ್ಲರೂ ಮುಖ ಸಿಂಡರಿಸಿದರು.

ಅಲ್ಲಿ ತೂಕದ ಹಲಗೆಯೇ ಇರಲಿಲ್ಲ. ಅವರು ಗುಂಡನನ್ನು ಮೇಜಿನ ಮೇಲೆ ಹತ್ತಿಸಲಿಲ್ಲ, ಮುಟ್ಟಲೂ ಇಲ್ಲ. ಸ್ಟೂಲಿನ ಮೇಲೆ ಓರೆಯಾಗಿ ಕೂತು, ಅವನ ಕಡೆ ನೋಡದೆ, ನನ್ನ ಜೊತೆ ಮಳೆಯ ಮಾತು ತೆಗೆದರು. ಬಾಗಿಲ ಬಳಿ ನಿಂತಿದ್ದ ಗುಂಡ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಬಂದು ಅವರ ಮೊಣಕಾಲು ಮೂಸಿದ. ಆಮೇಲೆ ಅವರ ಕೈ ತಾನಾಗಿ ಅವನ ಬೆನ್ನ ಮೇಲೆ ಹೋಯಿತು. ಹೋದದ್ದು ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ನಾನು ಫೈಲು ಕೊಟ್ಟೆ. ಕನ್ನಡಕ ಮೇಲೇರಿಸಿ ಓದಿದರು.

"ಯಾರ್ರೀ ಇದಕ್ಕ ಟಾನಿಕ್ ಬರದವ್ರು? ಇದು ಹಿಂಗ ಇರೂದ್ರೀ. ಎಲುಬು ನಾಕು ಕಾಣಬೇಕು." ಹಾಗೆನ್ನುತ್ತ ನನ್ನ ಅಂಗಿಯ ಮೂರನೇ ಗುಂಡಿಯನ್ನು ಸ್ವಲ್ಪ ಹೊತ್ತು ನೋಡಿದರು. ರಕ್ತದ ಲೆಕ್ಕಕ್ಕೂ ಹಾಗೆಯೇ ನಕ್ಕರು. ಓಡುವುದಕ್ಕೇ ಹುಟ್ಟಿದ ನಾಯಿಗಳಿಗೆ ಕೆಂಪುಕಣ ಜಾಸ್ತಿ. ಗ್ರೇಹೌಂಡ್‌ಗಳಲ್ಲಂತೂ 50ರಿಂದ 65ರವರೆಗೆ ಇದ್ದರೂ ಅದು ಆರೋಗ್ಯವೇ. ಮುಧೋಳವೂ ಅದೇ ಮೈಕಟ್ಟಿನ ಬಳಗ. ಕಾಗದದ ಮೇಲಿನ 'ಎಚ್' ಬೇರೆ ನಾಯಿಗಳ ಲೆಕ್ಕದ್ದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದವರ ನಾಯಿ ಸಂಶೋಧನಾ ಕೇಂದ್ರವಿದೆ, ಅನುಮಾನ ಬಂದರೆ ಅಲ್ಲಿ ಕೇಳಿ ಎಂದರು. "ನಾ ಏನ್ ನಾಯಿ ಡಾಕ್ಟರ್ ಅಲ್ರೀ. ಎಮ್ಮಿ ನೋಡಕೋತ ಮುಪ್ಪಾದವ. ಎಮ್ಮಿ ಕಾಯೋರ ಮನ್ಯಾಗ ಈ ನಾಯಿ ಇರತಿದ್ವು, ನೋಡೀನಿ ಅಷ್ಟ."

ಪರೀಕ್ಷೆಯ ದಿನ ಬಂದದ್ದು ನಾಲ್ಕು ತಿಂಗಳ ಮೇಲೆ. ಮುಂಗುಸಿಯೊಂದರ ಹಿಂದೆ ಹೋದ ಗುಂಡ ಮುಳ್ಳುತಂತಿಯ ಬೇಲಿಯನ್ನು ಗಮನಿಸಲಿಲ್ಲ. ಈ ನಾಯಿಗಳ ಚರ್ಮ ತೆಳ್ಳಗೆ, ಹಳೇ ಧೋತರದಂತೆ ಸುಲಭವಾಗಿ ಹರಿಯುತ್ತದೆ. ತೊಡೆಯ ಮೇಲೆ ಗೇಣುದ್ದ ಬಾಯಿಬಿಟ್ಟಿತ್ತು. ಹೊಲಿಗೆ ಹಾಕಬೇಕು, ಮತ್ತು ಬರಿಸದೆ ಆಗದು.

ಡಾಕ್ಟರು ಆಗ ಒಂದು ಮಾತು ಹೇಳಿದರು. ಥಯೋಪೆಂಟೋನ್ ಎಂಬ ಹಳೆಯ ಅರಿವಳಿಕೆಯ ಚುಚ್ಚುಮದ್ದಿದೆ. ಬೇರೆ ನಾಯಿಗಳು ಬೇಗ ಎಚ್ಚರಗೊಳ್ಳುವುದು ಔಷಧಿ ಮೆದುಳಿನಿಂದ ಇಳಿದು ಸ್ನಾಯು, ಕೊಬ್ಬಿನೊಳಗೆ ಹಂಚಿಹೋಗುವುದರಿಂದ. ಇವನ ಮೈಯಲ್ಲಿ ಕೊಬ್ಬೆಲ್ಲಿದೆ? ಜೊತೆಗೆ ಈ ಬಳಗದಲ್ಲಿ ಲಿವರ್ ಅದನ್ನು ಕರಗಿಸುವುದೂ ನಿಧಾನ. ಒಮ್ಮೆ ಮಲಗಿದರೆ ಗಂಟೆಗಟ್ಟಲೆ ಏಳದೆ ಮನೆಯವರ ಜೀವ ತೆಗೆಯುತ್ತವೆ. ಆ ಔಷಧಿ ಇಲ್ಲಿ ಬೇಡ. ಬೇರೆಯದನ್ನು, ಅದನ್ನೂ ಅಳೆದಳೆದು ಕೊಡುತ್ತೇನೆ, ಕಾಯಬೇಕು ಎಂದರು. ಮೊಟ್ಟೆ ತಿನ್ನಿಸಿ ಕೊಬ್ಬು ಏರಿಸಲು ನಾವು ಪಟ್ಟ ಪಾಡು ನನಗೆ ನೆನಪಾಯಿತು. ಈಗಲಾದರೂ ಸ್ವಲ್ಪ ಇದ್ದಿದ್ದರೆ ಎಂದೂ ಅನ್ನಿಸಿತು, ಸುಳ್ಳೇಕೆ.

ಹನ್ನೊಂದು ಹೊಲಿಗೆ. ಮುಗಿದ ಮೇಲೆ ಅವರು ಕೈ ತೊಳೆದು ಹೊರಡಲಿಲ್ಲ. ಕೊಬ್ಬಿಲ್ಲದ ಮೈ ಬೇಗ ತಣ್ಣಗಾಗುತ್ತದೆ ಎಂದು ತಮ್ಮ ಸ್ಕೂಟರಿನ ಡಿಕ್ಕಿಯಿಂದ ಹಳೆಯದೊಂದು ಕಂಬಳಿ ತಂದು, ಕುರಿ ವಾಸನೆಯ ಆ ಕಂಬಳಿಯನ್ನು ಗುಂಡನ ಕುತ್ತಿಗೆಯವರೆಗೆ ಹೊದಿಸಿದರು. ಪಕ್ಕದಲ್ಲಿ ನೆಲದ ಮೇಲೆ ಕೂತರು. ಆಗಾಗ ಅವನ ವಸಡನ್ನು ಹೆಬ್ಬೆರಳಿಂದ ಒತ್ತಿ, ಬಿಟ್ಟು, ಬಣ್ಣ ಮರಳುವುದನ್ನು ನೋಡುವರು. ಮಧ್ಯೆ ಯಾರೋ ಎಮ್ಮೆಗೆ ಹೊಟ್ಟೆಯುಬ್ಬರ ಎಂದು ಫೋನು ಮಾಡಿದರು. "ಇಲ್ಲೊಬ್ಬಾಂವ ಮಲಗ್ಯಾನ, ಎದ್ದ ಮ್ಯಾಲ ಬರ್ತೀನಿ" ಎಂದರು. ಹೊರಗೆ ಸಿಮೆಂಟು ಲಾರಿ ಬಂದು, ಚೀಲ ಇಳಿಸಿ, ಹೋಯಿತು. ಐವತ್ತು ನಿಮಿಷದ ಹೊತ್ತಿಗೆ ಬಾಗಿಲಲ್ಲಿ ಒಂದು ಬೆಕ್ಕು ಹಾದುಹೋಯಿತು. ಕಂಬಳಿಯೊಳಗಿಂದ ಒಂದು ಕಿವಿ ಎದ್ದಿತು.

ಮನೆಗೆ ಬಂದು ಅಮ್ಮನಿಗೆ ಎಲ್ಲ ವಿವರಿಸಿದೆ: ರಕ್ತ, ಕೊಬ್ಬು, ಲಿವರ್, ಎಲುಬು ಯಾಕೆ ಕಾಣಬೇಕು ಎಂಬುದು. ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಪಾಪ, ತಿಳಿದವರು" ಎಂದಳು. ಆಮೇಲೆ ಒಳಗೆ ಹೋಗಿ ಗುಂಡನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು.