ಯಾವೂರು? ಯಾರ ಪೈಕಿ?

ನಿಡಗುಂದಿಯಲ್ಲಿ ಅಪರಿಚಿತನಾಗಿ ಉಳಿಯುವುದು ಬಹಳ ಕಷ್ಟದ ಕೆಲಸ. ಆಲಮಟ್ಟಿ ಅಣೆಕಟ್ಟು ನೋಡಲು ಬಂದವರಾಗಲಿ, ಶನಿವಾರ ಯಲಗೂರ ಹನುಮಪ್ಪನಿಗೆ ಕಾಯಿ ಒಡೆಸಲು ಬಂದವರಾಗಲಿ, ಬಸ್ಸಿನಿಂದ ಇಳಿದು "ಹಾದಿ ಯಾವುದ್ರಿ?" ಎಂದರೆ ಸಾಕು. ಹಾದಿ ಆಮೇಲೆ. ಮೊದಲು "ಯಾವೂರಾತ್ರಿ ನಿಮ್ದು?" ಊರು ಹೇಳಿದರೆ "ಅಲ್ಲಿ ಯಾರ ಪೈಕಿ?" ಅದನ್ನೂ ಹೇಳಿದರೆ "ಹಂಗಾದ್ರ ಮುಳುಗಡಿಯಾಗ ನಿಮ್ಮ ಹೊಲಾನೂ ಹೋಗಿರಬೇಕಲ್ರಿ? ಪರಿಹಾರ ಕೈಗೆ ಬಂತೋ, ಇನ್ನಾ ಕೋರ್ಟಿನ್ಯಾಗ ಐತೋ?" ಆಲಮಟ್ಟಿ ಬಸ್ಸು ಬರುವಷ್ಟರಲ್ಲಿ ಆತನ ಷಡ್ಡಕನ ಊರು, ಮಗಳಿಗೆ ನೋಡಿಟ್ಟ ವರ, ಸಕ್ಕರೆ ಕಾಯಿಲೆಯ ಗುಳಿಗೆ ಎಲ್ಲವೂ ಕಟ್ಟೆಯ ಮೇಲೆ ಕೂತವರ ವಶವಾಗಿರುತ್ತವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗಿನಿಂದ ಎಂಜಿನಿಯರು, ಗುತ್ತಿಗೆದಾರ, ಮೇಸ್ತ್ರಿ, ಸರ್ವೇದವರು ಅಂತ ಈ ಭಾಗಕ್ಕೆ ಬಂದು ಹೋದ ಪರಸ್ಥಳದವರಿಗೆ ಲೆಕ್ಕವಿಲ್ಲ. ಅವರನ್ನೆಲ್ಲ ವಿಚಾರಿಸಿ ವಿಚಾರಿಸಿ ನಮ್ಮ ಹಿರಿಯರ ನಾಲಿಗೆ ಹದಕ್ಕೆ ಬಂದಿದೆ.

ಇಂಥ ಊರಿನ ನಮ್ಮ ಮನೆಯ ಪಡಸಾಲೆಯಲ್ಲೇ, ಅವ್ವನ ಎದುರಿಗೇ, ಅಣ್ಣನ ಮಗ ಒಬ್ಬ ಪರಸ್ಥಳದವನೊಂದಿಗೆ ಬೇಸಿಗೆ ರಜೆಯಿಂದ ದೋಸ್ತಿ ನಡೆಸಿದ್ದ. ಆ ದೋಸ್ತನ ಹೆಸರು ಡೆವಿಲ್ ಕಿಂಗ್, ಹಿಂದೆ ಮುಂದೆ ಒಂದಿಷ್ಟು ಅಂಕಿಗಳು. ಮುಖ ತೋಳದ್ದು. ಊರಿಲ್ಲ, ಅಡ್ಡಹೆಸರಿಲ್ಲ, ಪೈಕಿಯಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿ ಕಾಣಲಿಲ್ಲ, ಒಳಗಿನಿಂದ ಚಾ ಹೋಗಲಿಲ್ಲ. ಹಾಗಾಗಿ ಆತ ಬಂದದ್ದೂ ಗೊತ್ತಾಗಲಿಲ್ಲ, ದಿನಾ ಸಂಜೆ ನಮ್ಮ ಹುಡುಗನ ಪಕ್ಕ ಕೂಡುತ್ತಿದ್ದದ್ದೂ ಗೊತ್ತಾಗಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಈ ವಿಷಯದಲ್ಲಿ ದೊಡ್ಡವರ ಹತ್ತಿರ ಇರುವುದು ಒಂದೇ ಶಬ್ದ: ನೆಟ್. ನೆಟ್ ಬಂತು, ನೆಟ್ ಹೋತು, ನೆಟ್ ಖಾಲಿ ಆತು, ನೆಟ್‌ನ್ಯಾಗ ಬಂದೈತಿ, ನೆಟ್‌ನಿಂದ ಹುಡುಗ ಕೆಟ್ಟ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರಲ್ಲಿ ಶಾಲೆ ಮುಚ್ಚಿ, "ಪಾಠ ಮೊಬೈಲ್‌ನ್ಯಾಗ ಐತಿ" ಎಂದು ನಾವೇ ಹುಡುಗರ ಕೈಗೆ ಫೋನ್ ಕೊಟ್ಟೆವು. ಶಾಲೆ ತೆರೆದ ಮೇಲೆ ವಾಪಸ್ ಇಸಿದುಕೊಳ್ಳುವ ದಿನ ಮಾತ್ರ ಬರಲಿಲ್ಲ. ಈಗ ಹೋಟೆಲ್ಲಿನಲ್ಲಿ ಚಾ ಕುಡಿಯುತ್ತ "ಮೊಬೈಲ್ ನೋಡಿ ನೋಡಿ ಹುಡುಗರು ಕೆಟ್ಟಾವು" ಎನ್ನದ ಅಪ್ಪನಿಲ್ಲ. "ಮೊಬೈಲ್‌ನ್ಯಾಗ ಏನ್ ನೋಡ್ತಾನ?" ಎಂದು ಕೇಳಿ ನೋಡಿ. "ಅದss, ನೆಟ್" ಎನ್ನುತ್ತಾರೆ. ವೈದ್ಯರ ಮುಂದೆ ಕೂತು "ಎಲ್ಲಿ ನೋವು?" ಎಂದರೆ "ಮೈಯಾಗ" ಎಂದ ಹಾಗಾಯಿತು. ಯಾವ ಔಷಧ ಕೊಡಬೇಕು?

ಅಣ್ಣ ಹೊಲದ ಮೇಲಿನ ಮನೆಯಲ್ಲಿರುತ್ತಾನೆ. ಮಗ ಓದಲೆಂದು ನಮ್ಮಲ್ಲಿ. "ಅವನ ಮ್ಯಾಲ ಒಂದ್ ಕಣ್ಣಿಡೋ" ಎಂದು ಹೇಳಿ ಹೋಗಿದ್ದ. ನಾನು ಇಟ್ಟೆ. ಹುಡುಗನ ಹೆಬ್ಬೆರಳು ಮೇಲೆ ಕೆಳಗೆ ಆಡುವುದಷ್ಟೇ ಕಂಡಿತು. ಕಣ್ಣಿಗೆ ಕಾಣದ್ದನ್ನು ಕಿವಿಯಿಂದಾದರೂ ಹಿಡಿಯೋಣವೆಂದು ಹುಡುಗನನ್ನೇ ಮಾಸ್ತರನನ್ನಾಗಿ ಮಾಡಿಕೊಂಡೆ. ಫೀ ಅವನೇ ಗೊತ್ತುಮಾಡಿದ: ಒಂದು ಶಬ್ದಕ್ಕೆ ಒಂದು ಮಿರ್ಚಿ. ಚುರಮುರಿ ನನ್ನ ಖರ್ಚು. ಹೆದ್ದಾರಿ ಬದಿಯ ಹೋಟೆಲ್ಲಿನ ಬೆಂಚು ನಮ್ಮ ಶಾಲೆಯಾಯಿತು.

ಮೊದಲ ದಿನ ಡಿಎಮ್, ಸ್ಟೋರಿ, ಸ್ಟ್ರೀಕ್. ಡಿಎಮ್ ಎಂದರೆ ನಾಲ್ಕು ಜನರಿಗೆ ಕಾಣದಂತೆ ಒಬ್ಬನಿಗೇ ಕಳಿಸುವ ಮಾತು. ಸ್ಟೋರಿ ಇಪ್ಪತ್ನಾಲ್ಕು ತಾಸಿಗೆ ಅಳಿಸಿಹೋಗುತ್ತದೆ. ಸ್ಟ್ರೀಕ್ ಎಂದರೆ ದೋಸ್ತನಿಗೆ ದಿನ ತಪ್ಪದೆ ಒಂದು ಫೋಟೋ ಕಳಿಸುವ ವ್ರತ. ಒಂದು ದಿನ ತಪ್ಪಿದರೆ ಇಡೀ ಪುಣ್ಯ ಸೊನ್ನೆ. ಅಜ್ಜನ ತಿಥಿಯ ದಿನ ಹುಡುಗ ಎಡೆಯ ಮುಂದೆ ಫೋನ್ ಹಿಡಿದು ನಿಂತಿದ್ದು ಯಾಕೆಂದು ಆಗ ತಿಳಿಯಿತು. ನಾವು ಭಕ್ತಿ ಎಂದುಕೊಂಡಿದ್ದೆವು.

ಎರಡನೇ ತಟ್ಟೆಗೆ ಇನ್‌ಕಾಗ್ನಿಟೋ ಬಂತು. ಕರಿ ಟೊಪ್ಪಿಗೆ, ಕನ್ನಡಕದ ಚಿತ್ರ ತೋರಿಸಿ, "ಕಾಕಾ, ಇದನ್ನ ತೆಗೆದ ಏನ್ ನೋಡಿದ್ರೂ ಯಾರಿಗೂ ಗೊತ್ತಾಗಂಗಿಲ್ಲ" ಎಂದ. ಅಲ್ಲಿಯೇ ಕೆಳಗೆ ಬರೆದದ್ದನ್ನು ಓದಿ ಹೇಳು ಎಂದೆ. ಓದಿದ. ನೋಡಿದ್ದರ ಗುರುತು ಈ ಫೋನಿನಲ್ಲಿ ಉಳಿಯುವುದಿಲ್ಲ, ಅಷ್ಟೇ. ನೋಡಿದ ಜಾಲತಾಣಕ್ಕೆ, ಇಂಟರ್ನೆಟ್ ಕೊಡುವ ಕಂಪನಿಗೆ ಕಾಣುವುದು ಕಂಡೇ ಕಾಣುತ್ತದೆ. ಹುಡುಗ ಮಿರ್ಚಿಯ ತುಂಬು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಇವರಿಗೆ ಎಲ್ಲ ಗೊತ್ತು ಎಂದು ನಾವು ತಿಳಿದುಕೊಂಡಿದ್ದೇವಲ್ಲ, ಅದು ಅಷ್ಟೇನೂ ನಿಜವಲ್ಲ. ಯಾವ ಗುಂಡಿ ಒತ್ತಬೇಕೆಂದು ಗೊತ್ತು. ಒತ್ತಿದ ಮೇಲೆ ಏನಾಗುತ್ತದೆ ಎಂಬಲ್ಲಿ ಅವರೂ ನಮ್ಮಂಗೇ.

"ಒಮ್ಮೆ ನೋಡಿದ್ರ ಅಳಿಸಿ ಹೋಗೂ ಫೋಟೋ ಅದಾವು, ಅವೇನೂ ಡೇಂಜರ್ ಅಲ್ಲ" ಎಂದ ಇನ್ನೊಂದು ದಿನ.

"ಅದನ್ನ ನೋಡೂ ಮುಂದ ಇನ್ನೊಂದು ಫೋನ್ ತಗೊಂಡು ಅದರ ಫೋಟೋ ಹೊಡದ್ರ?"

ಹುಡುಗ ನನ್ನ ಮುಖ ನೋಡಿದ. "ನಿನಗ ಇಂಥಾವೆಲ್ಲ ಹೆಂಗ ಹೊಳೀತಾವ ಕಾಕಾ?"

ಝೆರಾಕ್ಸ್, ಉತಾರ ಎಂದು ತಹಶೀಲ್ದಾರ ಕಚೇರಿ ಸುತ್ತಿದವನಿಗೆ ನಕಲು ತೆಗೆಯುವ ದಾರಿಗಳು ಹೊಳೆಯದೆ ಇರುತ್ತವೆಯೇ?

ಮನೆಗೆ ಬಂದು ಕಲಿತದ್ದನ್ನು ಅವ್ವನಿಗೆ ಒಪ್ಪಿಸುವುದು ರೂಢಿಯಾಯಿತು. ಫಿಶಿಂಗ್ ಎಂಬ ಶಬ್ದ ಕಲಿತ ದಿನ ಅವ್ವ "ಈ ಹೊತ್ನ್ಯಾಗ ಹಿನ್ನೀರಿಗೆ ಯಾಕ ಹೋಗಿದ್ರಿ?" ಎಂದು ಗದರಿದಳು. ಬ್ಯಾಂಕಿನವರ ಹಾಗೆ, ಆಟದ ಕಂಪನಿಯವರ ಹಾಗೆ ಸುಳ್ಳು ಲಿಂಕ್ ಕಳಿಸಿ ಪಾಸ್‌ವರ್ಡ್ ಕಸಿಯುವುದು ಎಂದು ಬಿಡಿಸಿ ಹೇಳಿದೆ. "ಹಂಗಂದ್ರ ಯಾಸ ಹಾಕ್ಕೊಂಡು ಬರ್ತಾರ ಅನ್ನು" ಎಂದಳು. ಅವ್ವನಿಗೆ ವೇಷದವರು ಹೊಸಬರಲ್ಲ.

ಗ್ರೂಮಿಂಗ್ ಎಂಬುದನ್ನು ಮಾತ್ರ ಹುಡುಗ ಹೇಳಿಕೊಡಲಿಲ್ಲ. ಅವನಿಗೆ ಆ ಶಬ್ದವೇ ಗೊತ್ತಿರಲಿಲ್ಲ. ನಾನೇ ಓದಿ ತಿಳಿದುಕೊಂಡೆ. ಮೊದಲು ಆಟದಲ್ಲೋ ಕಮೆಂಟಿನಲ್ಲೋ ಒಬ್ಬ ಸಿಗುತ್ತಾನೆ. ಹುಡುಗಿಯಿದ್ದರೆ ರೂಪ ಹೊಗಳುತ್ತಾನೆ, ಹುಡುಗನಿದ್ದರೆ ಆಟ ಹೊಗಳುತ್ತಾನೆ. ಅಪ್ಪ ಬೈದನೆಂದರೆ ಹುಡುಗರ ಪಕ್ಷ ಹಿಡಿಯುತ್ತಾನೆ. ಆಮೇಲೆ "ಇಲ್ಲಿ ಬೇಡ, ಬೇರೆ ಆ್ಯಪಿಗೆ ಬಾ" ಎನ್ನುತ್ತಾನೆ. ಆಮೇಲೆ "ಮನೆಯಲ್ಲಿ ಹೇಳಬೇಡ." ಆಮೇಲೆ ಒಂದು ಫೋಟೋ ಕೇಳುತ್ತಾನೆ. ಫೋಟೋ ಸಿಕ್ಕ ಮರುದಿನ ಅದೇ ಬಾಯಿ ಬೆದರಿಕೆಗೆ ತಿರುಗುತ್ತದೆ: ರೊಕ್ಕ ಕಳಿಸು, ಇಲ್ಲವೇ ಇನ್ನೊಂದು ಫೋಟೋ ಕಳಿಸು, ಇಲ್ಲದಿದ್ದರೆ ನಿನ್ನ ಸಾಲಿಯ ಗ್ರೂಪಿಗೇ ಹಾಕುತ್ತೇನೆ. ಇದಕ್ಕೆ ಸೆಕ್ಸ್‌ಟಾರ್ಷನ್ ಎನ್ನುತ್ತಾರೆ. ಪಡಸಾಲೆಯಲ್ಲಿ ಆಡುವ ಶಬ್ದವಲ್ಲ. ಆದರೆ ಪಡಸಾಲೆಯಲ್ಲಿ ಕೂತ ಹುಡುಗನಿಗೇ ಇದು ಆಗುವುದು.

ಇದನ್ನು ಅವ್ವನಿಗೆ ಹೇಳುವುದು ಹೇಗೆಂದು ತಡವರಿಸುತ್ತ, ಮನೆಯಲ್ಲಿ ಹೇಳಬೇಡ ಎನ್ನುವ ತನಕ ಬಂದಿದ್ದೆ. ಅವ್ವ ಅಕ್ಕಿ ಹಸನು ಮಾಡುವುದನ್ನು ನಿಲ್ಲಿಸಿ, "ಮನ್ಯಾಗ ಹೇಳಬ್ಯಾಡ ಅಂದಾಂವ ಯಾಂವಿದ್ರೂ ಚಲೋ ಮನಶಾ ಅಲ್ಲ ತಗಿ" ಎಂದಳು. ನಾನು ಓದಿದ ಲೇಖನಗಳೆಲ್ಲ ಪುಟಗಟ್ಟಲೆ ಹೋಗಿ ಮುಟ್ಟಿದ ಜಾಗವೂ ಅದೇ.

ಹುಡುಗರು ಯಾಕೆ ಹೇಳುವುದಿಲ್ಲ ಎಂಬುದು ಬೇರೆ ಸಂಗತಿ. ಅವರಿಗೆ ಆ ಕಳ್ಳನ ಅಂಜಿಕೆಗಿಂತ ಅಪ್ಪ ಫೋನ್ ಕಸಿದುಕೊಳ್ಳುತ್ತಾನೆಂಬ ಅಂಜಿಕೆ ದೊಡ್ಡದು. ತಪ್ಪು ಮಾಡಿದವನು ಎಲ್ಲೋ ಕೂತಿರುತ್ತಾನೆ, ಫೋನ್ ಹೋಗುವುದು ಹುಡುಗನದು. ಈ ನ್ಯಾಯ ಹುಡುಗನಿಗೆ ಮೊದಲೇ ಗೊತ್ತಿರುವುದರಿಂದ ಬಾಯಿ ಮುಚ್ಚಿಕೊಂಡಿರುತ್ತಾನೆ. ನಾನು ಹೋಟೆಲ್ಲಿನಲ್ಲೇ ಕರಾರು ಮಾಡಿಕೊಂಡೆ: ಏನೇ ಹೇಳಿದರೂ ಫೋನ್ ಮುಟ್ಟುವುದಿಲ್ಲ. "ದೇವರ ಮ್ಯಾಲ ಆಣಿ ಮಾಡು" ಎಂದ. ಯಲಗೂರ ಹನುಮಪ್ಪನ ಮೇಲೆ ಮಾಡಿದೆ.

ಆಣೆಯ ಫಲ ಅಂದೇ ಸಿಕ್ಕಿತು. ಡೆವಿಲ್ ಕಿಂಗ್ ಹೊರಗೆ ಬಂದ. ಆಟದಲ್ಲಿ ಬಂದೂಕಿಗೆ ಬಣ್ಣ ಬಳಿಯಲು ಡೈಮಂಡ್ ಬೇಕಂತೆ, ಅವನ್ನು ಪುಕ್ಕಟೆ ಕೊಡಿಸುತ್ತಾನಂತೆ, ಅದಕ್ಕೆ ಅಪ್ಪನ ಫೋನಿಗೆ ಬರುವ ಒಂದು ಓಟಿಪಿ ಹೇಳಬೇಕಂತೆ. ಮನೆಯಲ್ಲಿ ಹೇಳಬಾರದಂತೆ. ಓಟಿಪಿ ಎಂಬ ಶಬ್ದ ನಿಡಗುಂದಿಯ ಸಣ್ಣ ಕೂಸಿಗೂ ಗೊತ್ತು. ಯಾರಿಗೂ ಹೇಳಬೇಡಿ ಎಂದು ಫೋನ್ ಹಚ್ಚಿದಾಗೆಲ್ಲ ಹೆಣ್ಣುಮಗಳು ಹೇಳಿ ಹೇಳಿ ದಣಿದಿದ್ದಾಳೆ. ಆದರೆ ಅದು ಬ್ಯಾಂಕಿನ ಓಟಿಪಿಗೆ ಎಂದು ಹುಡುಗ ತಿಳಿದಿದ್ದ. ಆಟಕ್ಕೂ ಬ್ಯಾಂಕಿಗೂ ಏನು ಸಂಬಂಧ?

ಅವ್ವನ ಮುಂದೆ ಇಟ್ಟೆವು. "ಅಂವ ಯಾವೂರಾಂವ?" ಎಂದಳು. ಗೊತ್ತಿಲ್ಲ. "ಯಾರ ಪೈಕಿ?" ಗೊತ್ತಿಲ್ಲ. "ಬ್ಯಾಸಗಿಯಿಂದ ದೋಸ್ತಿ ಮಾಡೀದಿ, ಊರ ಕೇಳಿಲ್ಲೇನೋ ಮಬ್ಬ?" ಹುಡುಗನ ಜೀವಮಾನದಲ್ಲಿ ಇಷ್ಟು ನಾಚಿಕೆ ಆಗಿರಲಿಕ್ಕಿಲ್ಲ. ಮಾತು ರೆಕಾರ್ಡ್ ಮಾಡಿ ಕಳಿಸಬಹುದೆಂದು ಅವ್ವನಿಗೆ ಗೊತ್ತಿತ್ತು. ಭಜನಿ ಗ್ರೂಪಿನಲ್ಲಿ ಅದನ್ನೇ ಮಾಡುತ್ತಾಳೆ. ಫೋನ್ ಇಸಿದುಕೊಂಡು ಬಾಯಿಯ ಹತ್ತಿರ ಹಿಡಿದಳು:

"ಯಪ್ಪಾ, ನಮ್ಮ ಹುಡುಗನ ದೋಸ್ತ ಅಂತ ನೀ. ಚಲೋ ಆತು. ಯಾವೂರು ನಿಂದು? ನಿಮ್ಮಪ್ಪನ ಹೆಸರೇನು, ಏನು ಉದ್ಯೋಗ? ಡೈಮಂಡ ಕೊಡ್ತೀನಂದೀಯಂತ. ನಿಮ್ಮವ್ವನ ಕೈಯಾಗ ಒಂದೀಟು ಫೋನ್ ಕೊಡು, ಆಕಿನ್ನ ಕೇಳ್ತೀನಿ."

ಆತ ಬರೆಯುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಹಿಂದಿ. ಅವ್ವನ ಅಪ್ಪಟ ವಿಜಯಪುರ ಕನ್ನಡ ಅವನಿಗೆ ತಿಳಿಯಿತೋ, ಮಾಟಮಂತ್ರ ಎನಿಸಿತೋ ದೇವರೇ ಬಲ್ಲ. ಎರಡು ನೀಲಿ ಗೆರೆ ಮೂಡಿದವು. ಮೂರು ಪ್ರಶ್ನಾರ್ಥಕ ಚಿಹ್ನೆ ಬಂದವು. ಸ್ವಲ್ಪ ಹೊತ್ತಿಗೆ ತೋಳದ ಮುಖವೂ ಮಾಯವಾಯಿತು. "ಬ್ಲಾಕ್ ಮಾಡಿದ" ಎಂದು ಹುಡುಗ ಅಳುಮೋರೆ ಮಾಡಿದ. "ಊರ ಕೇಳಿದ್ರ ಓಡಿ ಹೋದಾ ಅನ್ನು" ಎಂದು ಅವ್ವ ಅಕ್ಕಿ ಮೊರ ಎಳೆದುಕೊಂಡಳು.

ರೊಕ್ಕ ಹೋಗಿದ್ದರೆ ಕತೆ ಬೇರೆಯಿತ್ತು. ಆಗ ಮಾಡಬೇಕಾದದ್ದು ಹೋಟೆಲ್ಲಿನಲ್ಲಿ ಕೂತು ಬೈಯುವುದಲ್ಲ, ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದು. ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿಯುತ್ತ ಹೋಗುತ್ತದೆ. ಬೇಗ ಹೇಳಿದರೆ ನಡುವೆ ಎಲ್ಲಾದರೂ ತಡೆಯಬಹುದು. ವಿಜಯಪುರದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯೂ ಇದೆ. ಮಕ್ಕಳ ಸಹಾಯಕ್ಕೆ 1098. ಹದಿನೆಂಟರೊಳಗಿನವರ ಅಂಥ ಫೋಟೋ ಇಟ್ಟುಕೊಂಡು ಬೆದರಿಸಿದರೆ 2012ರ ಪೋಕ್ಸೊ ಕಾಯ್ದೆ ಇದೆ, ಐಟಿ ಕಾಯ್ದೆಯ 67ಬಿ ಕಲಂ ಇದೆ. ಅಮೆರಿಕದ ಒಂದು ಮಕ್ಕಳ ಸಂಸ್ಥೆ 2023ರಿಂದ ಟೇಕ್ ಇಟ್ ಡೌನ್ ಎಂಬ ಪುಕ್ಕಟೆ ಸೇವೆ ನಡೆಸುತ್ತದೆ. ಫೋಟೋವನ್ನು ಯಾರಿಗೂ ಕಳಿಸುವ ಹಾಗಿಲ್ಲ, ನಿಮ್ಮ ಫೋನಿನಲ್ಲೇ ಅದಕ್ಕೊಂದು ಗುರುತಿನ ಸಂಕೇತ ತಯಾರಾಗುತ್ತದೆ. ಆ ಸಂಕೇತ ಹಿಡಿದು, ಇದರಲ್ಲಿ ಸೇರಿದ ಕಂಪನಿಗಳು ತಮ್ಮಲ್ಲಿ ಆ ಫೋಟೋ ಕಂಡರೆ ತೆಗೆಯುತ್ತವೆ. ಇದನ್ನು ಹೇಳಿದಾಗ ಹುಡುಗ ಮಿರ್ಚಿ ಕೇಳಲಿಲ್ಲ. ತನ್ನ ಗೆಳೆಯನೊಬ್ಬನಿಗೆ ತಿಳಿಸಬೇಕು ಎಂದ. ಯಾರು, ಏನು ಎಂದು ನಾನೂ ಕೇಳಲಿಲ್ಲ. 1098 ಅಂಕಿಯನ್ನು ಮಾತ್ರ ಎರಡು ಸಲ ಹೇಳಿದೆ.

ಉಳಿದದ್ದು ವಯಸ್ಸಿನ ಲೆಕ್ಕ. ಇನ್‌ಸ್ಟಾಗ್ರಾಮಿಗೆ ಹದಿಮೂರು ತುಂಬಿರಬೇಕು. ನಮ್ಮ ದೇಶದ 2023ರ ಡೇಟಾ ರಕ್ಷಣೆ ಕಾಯ್ದೆಯಂತೂ ಹದಿನೆಂಟರ ತನಕ ಮಗು ಎಂದೇ ಹಿಡಿದು ಪಾಲಕರ ಒಪ್ಪಿಗೆ ಕೇಳುತ್ತದೆ. ಆಸ್ಟ್ರೇಲಿಯಾದವರು 2025ರ ಡಿಸೆಂಬರ್‌ನಿಂದ ಹದಿನಾರರ ಕೆಳಗಿನವರಿಗೆ ಬಾಗಿಲನ್ನೇ ಹಾಕಿದ್ದಾರೆ. ನಮ್ಮ ಹುಡುಗನ ಖಾತೆ ನೋಡಿದೆ. ಹುಟ್ಟಿದ್ದು 1995ರ ಜನವರಿ 1. ಅಂದರೆ ತನ್ನ ಅಪ್ಪನ ಮದುವೆಗೆ ಇವನೇ ಅಕ್ಷತೆ ಹಾಕಿರಬೇಕು. ಬೈಯಲು ಬಾಯಿ ತೆರೆದವನು ಮುಚ್ಚಿದೆ. ಕನ್ನಡ ಸಾಲಿಯಲ್ಲಿ ನನ್ನ ಹೆಸರು ಹಚ್ಚುವಾಗ ಹೆಡ್ ಮಾಸ್ತರರು ಅಪ್ಪನನ್ನು ಏನೂ ಕೇಳದೆ ಜೂನ್ 1 ಎಂದು ಬರೆದುಕೊಂಡಿದ್ದರು. ನಮ್ಮ ಓಣಿಯ ಅರ್ಧ ಗಂಡಸರು ಜೂನ್ 1ಕ್ಕೇ ಹುಟ್ಟಿದವರು. ಒಂದೇ ವ್ಯತ್ಯಾಸವೆಂದರೆ ಆ ಸುಳ್ಳಿನಿಂದ ನಮಗೆ ಸಾಲಿಯ ಬಾಗಿಲು ತೆರೆಯಿತು, ಇವನ ಸುಳ್ಳಿನಿಂದ ತೋಳಗಳಿಗೆ ಬಾಗಿಲು ತೆರೆದಿತ್ತು. ದೊಡ್ಡವನೆಂದು ಬರೆದುಕೊಂಡವನನ್ನು ಆ್ಯಪು ದೊಡ್ಡವನೆಂದೇ ನಡೆಸಿಕೊಳ್ಳುತ್ತದೆ. ಯಾರು ಬೇಕಾದರೂ ಸಂದೇಶ ಕಳಿಸಬಹುದು. ಇನ್‌ಸ್ಟಾಗ್ರಾಮಿನ ಹದಿಹರೆಯದವರ ಖಾತೆ ಎಂಬ ಪದ್ಧತಿ 2025ರಲ್ಲಿ ನಮ್ಮ ದೇಶಕ್ಕೂ ಬಂತು. ಅದರಲ್ಲಿ ಖಾತೆ ತಾನಾಗಿಯೇ ಖಾಸಗಿಯಾಗುತ್ತದೆ, ಪರಿಚಯವಿಲ್ಲದವರ ಸಂದೇಶ ನಿಲ್ಲುತ್ತದೆ, ಹದಿನಾರರ ಕೆಳಗಿನವರು ಇದನ್ನು ಸಡಿಲಿಸಬೇಕೆಂದರೆ ಪಾಲಕರು ಹೂಂ ಎನ್ನಬೇಕು.

ಎರಡು ತಟ್ಟೆ ಮಿರ್ಚಿಗೆ ಖರೇ ಹುಟ್ಟಿದ ದಿನ ಹಾಕಿಸಿದೆ. ಅಣ್ಣನ ಫೋನಿನಲ್ಲಿ ಒಂದು ಖಾತೆ ತೆರೆದು ಜೋಡಿಸಿ ಕೊಟ್ಟೆ. ಅಣ್ಣ ಏನೆಂದು ಕೇಳದೆ ಕಿಸೆಗೆ ಹಾಕಿಕೊಂಡು ಹೊಲಕ್ಕೆ ಹೋದ.

ಎಂಟು ದಿನ ಕಳೆದಿರಲಿಲ್ಲ, ಕರೆಂಟು ಬಂದ ಹೊತ್ತಿಗೆ ನೀರು ಹಾಯಿಸುತ್ತಿದ್ದವನು ಅಪರಾತ್ರಿ ಫೋನ್ ಮಾಡಿದ.

"ಏನೋ ರಿಕ್ವೆಸ್ಟ್ ಅಂತ ಬಂದೈತಿ. ನಿಮ್ಮ ಮಗ ಸೆಟ್ಟಿಂಗ್ ಬದಲಿ ಮಾಡಬೇಕಂತಾನ ಅಂತೈತಿ. ಒತ್ತಲೋ, ಬ್ಯಾಡೋ? ಒತ್ತಿದ್ರ ರೊಕ್ಕ ಹೋಗತಾವೇನು?"

"ರೊಕ್ಕ ಹೋಗಂಗಿಲ್ಲ. ಆದ್ರೂ ಈಗ ಒತ್ತಬ್ಯಾಡ. ಮುಂಜಾನೆ ಅವನ್ನ ಕೇಳು, ಯಾಕ ಬೇಕು ಅಂತ."

ಆ ಕಡೆಯಿಂದ ಪಂಪ್‌ಸೆಟ್ಟಿನ ಸಪ್ಪಳವಷ್ಟೇ ಸ್ವಲ್ಪ ಹೊತ್ತು.

"ಕೇಳ್ತೀನಿ. ಅಂವ ಏನರ ಹೇಳಿದ್ರ ನನಗ ತಿಳೀಬೇಕಲ್ಲೋ?"

"ನಾಳಿ ಸಂಜಿಕ ಹೋಟೆಲ್ಲಿಗೆ ಬಾ" ಎಂದೆ. "ಬರೂ ಮುಂದ ರೊಕ್ಕ ತಗೊಂಡು ಬಾ. ಮಾಸ್ತರ ಫೀ ಏರಿಸ್ಯಾನ, ಈಗ ಒಂದ್ ಶಬ್ದಕ್ಕ ಎರಡು ಮಿರ್ಚಿ."